ಏಣಿ ಮೇಲಿರೋವರೆಗೂ ನಮ್ಮ ಕೆಲಸದವನು, ಬಿದ್ದ ಮೇಲೆ?

ಯುಗಾದಿಗೆ ಸುಣ್ಣ ಬಣ್ಣ, ಮಳೆ ಶುರುವಾಗೋಕೆ ಮುಂಚೆ ತಾರಸಿ ಬಿರುಕಿಗೆ ಸಿಮೆಂಟು, ಗಣೇಶನ ಹಬ್ಬಕ್ಕೆ ಬೀದಿ ತುಂಬ ಸೀರಿಯಲ್ ಸೆಟ್ಟು, ಬೇಸಿಗೆ ಬಂದ್ರೆ ನೀರಿನ ಟ್ಯಾಂಕ್ ತೊಳೆಯೋ ಕೆಲಸ. ನಮ್ಮ ದೊಡ್ಡಬಳ್ಳಾಪುರದಲ್ಲಿ ವರ್ಷವಿಡೀ ಏಣಿಗೆ ಬಿಡುವಿಲ್ಲ. ಮೊಪೆಡ್ ಒಬ್ಬ ಓಡಿಸ್ತಾ, ಹಿಂದೆ ಕೂತವನು ಹೆಗಲ ಮೇಲೆ ಉದ್ದನೆ ಏಣಿ ಅಡ್ಡ ಹಾಕ್ಕೊಂಡು ಬರೋದನ್ನ ನೀವೂ ನೋಡಿರ್ತೀರಿ. ನೆಲಮಂಗಲ, ಹೊಸಕೋಟೆ, ದೇವನಹಳ್ಳಿ ಎಲ್ಲಿ ಹೋದ್ರೂ ಇದೇ ದೃಶ್ಯ. ನೋಡಿ ನಗ್ತೀವಿ, ದಾರಿ ಬಿಡ್ತೀವಿ, ಮರೀತೀವಿ.

ಬಹಳ ದಿನದಿಂದ ತಲೆಯಲ್ಲಿ ಕೊರೀತಾ ಇರೋ ಪ್ರಶ್ನೆ ಒಂದಿದೆ. ನಮ್ಮ ಮನೆ ಗೋಡೆಗೆ ಆತುಕೊಂಡ ಏಣಿಯಿಂದ ಒಬ್ಬ ಮನುಷ್ಯ ಬಿದ್ದರೆ ಅದು ಯಾರ ಜವಾಬ್ದಾರಿ? ಮೇಸ್ತ್ರಿದಾ? ಬಿದ್ದವನದೇನಾ? ಮನೆಯವರದಾ? ಇಲ್ಲಾ, ನಾವೆಲ್ಲ ಸುಲಭವಾಗಿ ಹೇಳಿಬಿಡೋ ಹಾಗೆ ಅವನ ಗ್ರಹಚಾರದ್ದಾ?

ಇದು ಸುಮ್ನೆ ಬಂದ ಪ್ರಶ್ನೆ ಅಲ್ಲ. ನಮ್ಮ ಪಕ್ಕದ ಬೀದಿಯಲ್ಲಿ ಒಬ್ಬ ಪೇಂಟರ್ ಬಿದ್ದ. ಮೊದಲನೇ ಮಹಡಿಯ ಸಜ್ಜಾ ಮೇಲೆ ಏಣಿ ಇಟ್ಕೊಂಡು ಅದರ ಮೇಲಿನ ಪಟ್ಟಿಗೆ ಬಣ್ಣ ಹೊಡೀತಿದ್ದ. ಎರಡೂ ಹಿಮ್ಮಡಿ ಮೂಳೆ ಒಡೀತು, ಸೊಂಟಕ್ಕೂ ಪೆಟ್ಟು. ಮನೆಯವರು ಒಳ್ಳೆಯವರೇ, ಕಾರಲ್ಲಿ ಹಾಕ್ಕೊಂಡು ಆಸ್ಪತ್ರೆಗೆ ಓಡಿದ್ರು. ಮೊದಲ ದಿನದ ಬಿಲ್ ಕಟ್ಟಿದ್ರು, ಆಮೇಲೆ ಕೈಗೆ ಒಂದಿಷ್ಟು ದುಡ್ಡು ಕೊಟ್ಟು ಪೇಪರಿನ ಮೇಲೆ ಸಹಿ ಹಾಕಿಸಿಕೊಂಡ್ರು. ಮೇಸ್ತ್ರಿ ಎರಡು ವಾರದ ಕೂಲಿ ಕೊಟ್ಟು ಕೈ ತೊಳ್ಕೊಂಡ. ಬೀದಿಯವರು "ಕುಡಿದಿದ್ದ ಅನ್ಸುತ್ತೆ" ಅಂದ್ರು. ಕುಡಿದಿರಲಿಲ್ಲ, ಬೆಳಗ್ಗೆ ಹತ್ತು ಗಂಟೆ. ಆದರೂ ಆ ಮಾತು ಹುಟ್ಟಿತು, ಯಾಕಂದ್ರೆ ಆ ಮಾತು ಎಲ್ಲರಿಗೂ ಅನುಕೂಲ. ಈಗ ಆತ ನಿಂತುಕೊಂಡು ಅರ್ಧ ಗಂಟೆ ಕೆಲಸ ಮಾಡಲಾರ. ಹೆಂಡತಿ ಗಾರ್ಮೆಂಟ್ಸ್‌ಗೆ ಹೋಗ್ತಾರೆ. ಗೋಡೆ ಮಾತ್ರ ಚೆನ್ನಾಗಿ ಬಣ್ಣ ಬಂದಿದೆ, ಬೇರೆ ಪೇಂಟರ್ ಬಂದು ಮುಗಿಸಿಕೊಟ್ಟ. ಅದೇ ಏಣಿ.

"ಅಟ್ಟ ಹತ್ತಿದ ಮೇಲೆ ಏಣಿ ಒದ್ದ" ಅನ್ನೋ ಗಾದೆ ನಮಗೆಲ್ಲ ಗೊತ್ತು. ಅಟ್ಟಕ್ಕೆ ಹತ್ತಿಸಿದವರನ್ನೇ ಮರೆಯೋರ ಬಗ್ಗೆ ಇರೋ ಗಾದೆಗೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ?

ಸ್ವಲ್ಪ ಲೆಕ್ಕ ನೋಡೋಣ. ಹನ್ನೆರಡು ಅಡಿ ಅಂದ್ರೆ ನಮಗೆ ಎತ್ತರ ಅಂತಲೇ ಅನ್ಸಲ್ಲ, ಒಂದು ಮಹಡಿಗಿಂತ ಸ್ವಲ್ಪ ಜಾಸ್ತಿ ಅಷ್ಟೆ. ಅಲ್ಲಿಂದ ಬಿದ್ದವನು ನೆಲ ಮುಟ್ಟೋಕೆ ಒಂದು ಸೆಕೆಂಡೂ ಬೇಡ. ಮುಟ್ಟೋ ಹೊತ್ತಿಗೆ ಗಂಟೆಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿರ್ತಾನೆ. ಹೆಲ್ಮೆಟ್ ಇಲ್ಲದೆ ಅದೇ ವೇಗದಲ್ಲಿ ಬೈಕಿಂದ ಗೋಡೆಗೆ ಗುದ್ದಿದ ಹಾಗೆ. "ಅಯ್ಯೋ ಅಷ್ಟೇನೂ ಎತ್ತರ ಇರಲಿಲ್ಲ" ಅಂತ ಹೇಳೋರಿಗೆ ಈ ಲೆಕ್ಕ ಹೇಳಬೇಕು ಅನ್ಸುತ್ತೆ.

ಏಣಿ ಜಾರೋದಕ್ಕೆ ಕಾರಣಗಳೂ ಗೊತ್ತಿರೋವೇ. ಬಹಳ ಓರೆಯಾಗಿ ಇಟ್ರೆ ಕೆಳಗಿನ ಕಾಲು ಹಿಂದಕ್ಕೆ ಜಾರುತ್ತೆ. ಬಹಳ ನೆಟ್ಟಗೆ ಇಟ್ರೆ ಹತ್ತಿದವನ ಸಮೇತ ಹಿಂದಕ್ಕೆ ಮಗುಚುತ್ತೆ. ಎರಡರ ನಡುವಿನ ಲೆಕ್ಕ ನಾಲ್ಕಕ್ಕೆ ಒಂದು. ಏಣಿಯ ತುದಿ ಗೋಡೆಯನ್ನ 12 ಅಡಿ ಎತ್ತರದಲ್ಲಿ ಮುಟ್ಟಿದ್ರೆ ಬುಡ ಗೋಡೆಯಿಂದ 3 ಅಡಿ ಆಚೆ ಇರಬೇಕು. ತಾರಸಿಗೆ ಹತ್ತೋದಾದ್ರೆ ಏಣಿ ತಾರಸಿ ಅಂಚಿಗಿಂತ ಮೂರಡಿ ಮೇಲಕ್ಕೆ ಚಾಚಿರಬೇಕು, ಹಿಡ್ಕೊಂಡು ದಾಟೋಕೆ. ಮೇಲಿನ ತುದಿಯನ್ನ ಕಟ್ಟಬೇಕು. ಎರಡು ಕಾಲು ಒಂದು ಕೈ, ಇಲ್ಲಾ ಎರಡು ಕೈ ಒಂದು ಕಾಲು, ಯಾವಾಗಲೂ ಏಣಿಗೆ ಅಂಟಿರಬೇಕು. ಏಣಿಗಳ ಬಗ್ಗೆಯೇ ಭಾರತೀಯ ಮಾನಕ ಒಂದಿದೆ, ಐಎಸ್ 3696ರ ಎರಡನೇ ಭಾಗ, 1991ರದ್ದು. ನಮ್ಮ ಕಡೆ ಪೇಂಟರ್ ಒಂದು ಕೈಯಲ್ಲಿ ಡಬ್ಬ, ಇನ್ನೊಂದು ಕೈಯಲ್ಲಿ ಬ್ರಷ್ ಹಿಡಿದು, ಎಡಕ್ಕೆ ಬಾಗಿ "ಇನ್ನೊಂದಡಿ ಸಿಕ್ಕಿಬಿಡುತ್ತೆ" ಅಂತ ಕೈ ಚಾಚ್ತಾನೆ. ಏಣಿ ಇಳಿದು ಸರಿಸಿ ಮತ್ತೆ ಹತ್ತೋಕೆ ಐದು ನಿಮಿಷ. ಆ ಐದು ನಿಮಿಷದ ಕೂಲಿ ಯಾರೂ ಕೊಡಲ್ಲವಲ್ಲ!

ಇದಕ್ಕೆ ನಮ್ಮ ಮನೆಗಳೂ ಸೇರಿಕೊಳ್ಳುತ್ತವೆ. ಮುಂದಿನ ಮೆಟ್ಟಿಲಿಗೆ ಸಾದರಹಳ್ಳಿ ಕಲ್ಲು, ವರಾಂಡಕ್ಕೆ ನುಣ್ಣನೆ ಟೈಲ್ಸು. ರಬ್ಬರ್ ಸವೆದ ಏಣಿ ಅದರ ಮೇಲೆ ನಿಲ್ಲುತ್ತಾ? ತಾರಸಿವರೆಗೆ ಮೆಟ್ಟಿಲು ಕಟ್ಟಿಸ್ತೀವಿ, ಆದರೆ ಸಿಂಟೆಕ್ಸ್ ಟ್ಯಾಂಕು, ಸೋಲಾರ್ ಎರಡನ್ನೂ ಮೆಟ್ಟಿಲ ರೂಮಿನ ನೆತ್ತಿ ಮೇಲೆ ಕೂರಿಸ್ತೀವಿ. ಅಲ್ಲಿಗೆ ಹೋಗೋಕೆ ದಾರಿ ಇಲ್ಲ. ತಾರಸಿ ಮೇಲೆ ಮತ್ತೊಂದು ಏಣಿ ಇಡಬೇಕು, ಪ್ಯಾರಾಪೆಟ್ ಪಕ್ಕದಲ್ಲೇ. ಅಲ್ಲಿಂದ ಜಾರಿದವನು ತಾರಸಿ ಮೇಲೆ ಬೀಳಲ್ಲ, ನೇರ ರಸ್ತೆಗೆ. ಮನೆ ಮುಂದಿನ ಎಲಿವೇಷನ್‌ಗೆ ಲಕ್ಷಗಟ್ಟಲೆ ಸುರಿಯೋ ನಾವು ಆ ಗೋಡೆಗೆ ಹತ್ತು ಕಬ್ಬಿಣದ ಮೆಟ್ಟಿಲು ಹೂಳಿಸಿ, ಒಂದು ಹಿಡಿಕೆ ಹಾಕಿಸಲ್ಲ. ಇಂಜಿನಿಯರೂ ಹೇಳಲ್ಲ, ನಾವೂ ಕೇಳಲ್ಲ.

ಕರೆಂಟಿನ ಕಥೆ ಇನ್ನೊಂದು. ಹಳೇ ಬೀದಿಗಳಲ್ಲಿ ಮನೆ ಮೇಲೆ ಮನೆ ಎದ್ದು ವೈರು ಬಾಲ್ಕನಿ ಹತ್ತಿರ ಬಂದಿದೆ. 11 ಕೆವಿ ಲೈನು ಕಟ್ಟಡದಿಂದ ಪಕ್ಕಕ್ಕೆ ಕನಿಷ್ಠ 1.2 ಮೀಟರ್, ಮೇಲಕ್ಕೆ 3.7 ಮೀಟರ್ ದೂರ ಇರಬೇಕು ಅನ್ನೋದು ನಿಯಮ. ಎಷ್ಟು ಕಡೆ ಇದೆ ನೀವೇ ತಲೆ ಎತ್ತಿ ನೋಡಿ. ಆ ದೂರ ಇದ್ದರೂ ಇಪ್ಪತ್ತಡಿ ಅಲ್ಯುಮಿನಿಯಂ ಏಣಿಯನ್ನ ನಿಲ್ಲಿಸ್ಕೊಂಡೇ ಗೋಡೆಯ ಈ ಕಡೆಯಿಂದ ಆ ಕಡೆಗೆ ಸರಿಸೋವಾಗ ಅದು ವಾಲಿದ್ರೆ ಮುಗೀತು. ವೈರಿನ ಹತ್ತಿರ ಬಿದಿರೇಣಿಯೋ ಫೈಬರ್ ಏಣಿಯೋ ಇರಲಿ, ಅದೂ ಒಣಗಿರಬೇಕು. ಇಲ್ಲಾ 1912ಕ್ಕೆ ಫೋನ್ ಮಾಡಿ ಬೆಸ್ಕಾಂನವರನ್ನ ಕೇಳಿ, ಲೈನ್ ಆಫ್ ಮಾಡಿಸಿ ಕೆಲಸ ಶುರು ಮಾಡಿಸಬೇಕು.

ಇನ್ನು ಕಾನೂನು. ನಾನು ವಕೀಲನಲ್ಲ, ಓದಿ ತಿಳ್ಕೊಂಡಿದ್ದನ್ನ ಹೇಳ್ತೀನಿ. ಕೆಲಸದಲ್ಲಿ ಪೆಟ್ಟಾದವರಿಗೆ ಪರಿಹಾರ ಕೊಡೋ ಕಾಯ್ದೆ ನಮ್ಮಲ್ಲಿ 1923ರಿಂದ ಇದೆ. 2025ರ ನವೆಂಬರ್ 21ರಿಂದ ಅದು ಸಾಮಾಜಿಕ ಭದ್ರತಾ ಸಂಹಿತೆ, 2020ರೊಳಗೆ ಸೇರಿದೆ. ಲೆಕ್ಕ ಹಾಕೋ ಸೂತ್ರ ಮಾತ್ರ ಹಳೇದೇ. ತಿಂಗಳ ಕೂಲಿಯ ಅರ್ಧವನ್ನ ವಯಸ್ಸಿಗೆ ತಕ್ಕ ಒಂದು ಸಂಖ್ಯೆಯಿಂದ ಗುಣಿಸಿದ್ರೆ ಸಾವಿನ ಪರಿಹಾರ. ಪೂರ್ತಿ ಶಾಶ್ವತ ಅಂಗವೈಕಲ್ಯಕ್ಕೆ ಶೇ 60. ಲೆಕ್ಕಕ್ಕೆ ಹಿಡಿಯೋ ಕೂಲಿಯ ಮಿತಿಯನ್ನ 2020ರ ಜನವರಿಯಲ್ಲಿ 15,000 ರೂಪಾಯಿಗೆ ಏರಿಸಿದ್ರು. ನಲವತ್ತು ವರ್ಷದವನ ಸಂಖ್ಯೆ 184.17. ಆ ಮಿತಿ ಇಟ್ಕೊಂಡು ಗುಣಿಸಿ ನೋಡಿ. ಸತ್ತರೆ 13,81,275 ರೂಪಾಯಿ. ಇನ್ನು ಯಾವ ಕೆಲಸಕ್ಕೂ ಆಗಲ್ಲ ಅನ್ನೋ ಸ್ಥಿತಿಯಾದ್ರೆ 16,57,530. ದುಡಿಯೋ ಶಕ್ತಿಯಲ್ಲಿ ನೂರಕ್ಕೆ ಮೂವತ್ತು ಹೋಯ್ತು ಅಂತ ತೀರ್ಮಾನವಾದರೂ 4,97,259. ಜೊತೆಗೆ ಚಿಕಿತ್ಸೆಯ ಖರ್ಚು ಬೇರೆ. ಕೈಗೆ ಕೊಟ್ಟ "ಒಂದಿಷ್ಟು ದುಡ್ಡು" ಇದರ ಮುಂದೆ ಎಲ್ಲಿ ನಿಲ್ಲುತ್ತೆ ಹೇಳಿ.

ಆ ಸಹಿ ಹಾಕಿಸಿಕೊಂಡ ಪೇಪರ್ ಇದೆಯಲ್ಲ, 1923ರ ಕಾಯ್ದೆಯೇ ಅದಕ್ಕೆ ಬೆಲೆ ಇಲ್ಲ ಅಂದಿತ್ತು. ಪರಿಹಾರದ ಹಕ್ಕು ಬಿಟ್ಟುಕೊಡ್ತೀನಿ ಅಂತ ಕೆಲಸಗಾರ ಬರೆದುಕೊಟ್ಟರೆ ಅಷ್ಟರ ಮಟ್ಟಿಗೆ ಅದು ಅಸಿಂಧು. ಸಾವಿನ ಪರಿಹಾರವನ್ನಂತೂ ಮಾಲೀಕ ಆಯುಕ್ತರ ಬಳಿ ಠೇವಣಿ ಇಡಬೇಕಿತ್ತು, ಮನೆಯವರ ಕೈಗೆ ನೇರ ಕೊಟ್ಟರೆ ಕೊಟ್ಟ ಲೆಕ್ಕಕ್ಕೆ ಬರ್ತಿರಲಿಲ್ಲ. ಹಾಗಾಗಿ ಅರಳಿಕಟ್ಟೆ ಪಂಚಾಯ್ತಿಯಲ್ಲಿ "ಮುಗೀತು" ಅಂದುಕೊಂಡಿದ್ದು ಕಾನೂನಿನಲ್ಲಿ ಮುಗಿದಿರೋದಿಲ್ಲ.

ಇದೆಲ್ಲ ಮನೆಯವರಿಗೂ ಅನ್ವಯಿಸುತ್ತಾ? ಇಲ್ಲೇ ಇರೋದು ಸಿಕ್ಕು. ಕೆಲಸವನ್ನ ಪೂರ್ತಿ ಮೇಸ್ತ್ರಿಗೆ ಗುತ್ತಿಗೆ ಕೊಟ್ಟಿದ್ರೆ ಕಾನೂನಿನ ಕಣ್ಣಲ್ಲಿ ಮಾಲೀಕ ಮೇಸ್ತ್ರಿಯೇ. ಗುತ್ತಿಗೆ ಕೊಟ್ಟವರನ್ನೂ ಹೊಣೆ ಮಾಡೋ ಒಂದು ಕಲಂ ಇತ್ತು, ಆದರೆ ಅದು ಕೊಟ್ಟವರ ವ್ಯಾಪಾರ ವೃತ್ತಿಗೆ ಸಂಬಂಧಿಸಿದ ಕೆಲಸಕ್ಕೆ ಮಾತ್ರ. ಮನೆಗೆ ಬಣ್ಣ ಹೊಡೆಸೋದು ನಮ್ಮ ವೃತ್ತಿ ಅಲ್ಲವಲ್ಲ. ದಿನಗೂಲಿಗೆ ನಾವೇ ಕರೆದ್ರೆ ಕಥೆ ಬೇರೆ. ಅಪರೂಪಕ್ಕೊಮ್ಮೆ ಸ್ವಂತ ಕೆಲಸಕ್ಕೆ ಕರೆದವನು ಕಾರ್ಮಿಕನಲ್ಲ ಅನ್ನೋ ವಿನಾಯಿತಿ ಹಳೇ ಕಾಯ್ದೆಯಲ್ಲಿತ್ತು, ಅದನ್ನ 2000ದ ತಿದ್ದುಪಡಿಯಲ್ಲಿ ತೆಗೆದ್ರು. ಆ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಒಂದಕ್ಕಿಂತ ಹೆಚ್ಚು ಅಂತಸ್ತಿನ ಅಥವಾ ಛಾವಣಿ ತುದಿಗೆ 12 ಅಡಿ ಇರೋ ಕಟ್ಟಡದ ರಿಪೇರಿ, ನಿರ್ವಹಣೆ ಕೆಲಸವೂ ಸೇರಿತ್ತು. ನಮ್ಮ ಮಹಡಿ ಮನೆ ಅಷ್ಟರೊಳಗೆ ಬರುತ್ತೆ. ಕೋರ್ಟಿಗೆ ಹೋದ್ರೆ ಎರಡೂ ಕಡೆ ವಾದ ಇರುತ್ತೆ. ಆದರೆ "ನಮಗೇನೂ ಸಂಬಂಧ ಇಲ್ಲ" ಅಂತ ನಿದ್ದೆ ಮಾಡೋ ಹಾಗಂತೂ ಇಲ್ಲ.

ಇದರಾಚೆ ನಿರ್ಲಕ್ಷ್ಯದ ಹೊಣೆ ಇದ್ದೇ ಇದೆ. ಮೆಟ್ಟಿಲು ಮುರಿದ ಏಣಿ ಕೊಟ್ಟವರು, ತಂತಿ ಇರೋದು ಗೊತ್ತಿದ್ದೂ ಹತ್ತಿಸಿದವರು, ಗುತ್ತಿಗೆ ಪತ್ರ ಇದೆ ಅಂತ ತಪ್ಪಿಸಿಕೊಳ್ಳೋದು ಕಷ್ಟ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದ್ರೆ ಹಳೇ ದಂಡ ಸಂಹಿತೆಯಲ್ಲಿ ಎರಡು ವರ್ಷದವರೆಗೆ ಶಿಕ್ಷೆ ಇತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರೋ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂನಲ್ಲಿ ಅದು ಐದು ವರ್ಷದವರೆಗೆ. ಕಟ್ಟಡ ಕಟ್ಟೋವಾಗ, ಕೆಡವೋವಾಗ, ರಿಪೇರಿ ಮಾಡೋವಾಗ ತೋರೋ ನಿರ್ಲಕ್ಷ್ಯಕ್ಕೇ ಬೇರೆ ಕಲಂ, 290, ಇದೆ.

ಕೋರ್ಟಿನ ಒಂದು ಹಳೇ ತೀರ್ಪು ನನಗೆ ಬಹಳ ಇಷ್ಟ. 1968ರ ಜುಲೈನಲ್ಲಿ ಒಡಿಶಾದ ಜೈಪುರ ಅನ್ನೋ ಊರಲ್ಲಿ ಒಬ್ಬ ಬಡಗಿ ಸಿನಿಮಾ ಮಂದಿರದಲ್ಲಿ ಅಲಂಕಾರದ ಕೆಲಸ ಮಾಡ್ತಿದ್ದವನು ಬಿದ್ದ. ಎಡಗೈ ಕತ್ತರಿಸಬೇಕಾಯ್ತು. ಇನ್ನೊಂದು ಕೈ ಇದೆಯಲ್ಲ, ಇದು ಪೂರ್ತಿ ನಷ್ಟ ಹೇಗಾಗುತ್ತೆ ಅನ್ನೋದು ಮಂದಿರದವರ ವಾದ. ಪ್ರತಾಪ ನಾರಾಯಣ ಸಿಂಗ್ ದೇವ್ ಮೊಕದ್ದಮೆ ಅಂತ ಹೆಸರಾದ ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1975ರ ಡಿಸೆಂಬರ್‌ನಲ್ಲಿ ಹೇಳಿದ್ದು ಇಷ್ಟು: ಒಂದೇ ಕೈಯಲ್ಲಿ ಬಡಗಿ ಕೆಲಸ ಆಗಲ್ಲ, ಆದ್ದರಿಂದ ನಷ್ಟ ನೂರಕ್ಕೆ ನೂರು. ಪರಿಹಾರ ಕೊಡಬೇಕಾದ ದಿನವೂ ಅಪಘಾತವಾದ ದಿನವೇ, ತೀರ್ಪು ಬಂದ ದಿನ ಅಲ್ಲ ಅಂತಲೂ ಹೇಳಿತು. ಬಂದ ಪರಿಹಾರ 9,800 ರೂಪಾಯಿ, ಜೊತೆಗೆ ಬಡ್ಡಿ, ದಂಡ. ಮೊತ್ತ ಬಿಡಿ, ಆ ತರ್ಕ ನೋಡಿ. ಮನುಷ್ಯನ ದೇಹದಲ್ಲಿ ಏನು ಉಳಿದಿದೆ ಅಂತ ಎಣಿಸಲಿಲ್ಲ, ಅವನ ಕಸುಬಿನಲ್ಲಿ ಏನು ಹೋಯ್ತು ಅಂತ ಕೇಳ್ತು. ಹಿಮ್ಮಡಿ ಒಡೆದ ಪೇಂಟರನ್ನ "ಓಡಾಡ್ತಾನಲ್ಲ, ಚೆನ್ನಾಗೇ ಇದಾನೆ" ಅನ್ನೋರು ಇದನ್ನ ಓದಬೇಕು. ಏಣಿ ಹತ್ತಲಾರದ ಪೇಂಟರ್ ಪೇಂಟರೇ?

ನ್ಯೂಯಾರ್ಕ್ ರಾಜ್ಯದಲ್ಲಿ ಎತ್ತರದ ಕೆಲಸಕ್ಕೆ ಅಂತಲೇ ಒಂದು ಕಾನೂನಿದೆ, 1885ರಲ್ಲಿ ಹುಟ್ಟಿದ್ದು. ಸರಿಯಾದ ಏಣಿ, ಸಾರುವೆ ಒದಗಿಸದೆ ಕೆಲಸಗಾರ ಬಿದ್ದರೆ ಕಟ್ಟಡದ ಮಾಲೀಕನೂ ಗುತ್ತಿಗೆದಾರನೂ ಹೊಣೆ. ಒಂದು ಅಥವಾ ಎರಡು ಸಂಸಾರದ ಮನೆಯವರಿಗೆ ಮಾತ್ರ ವಿನಾಯಿತಿ, ಅದೂ ಅವರು ಕೆಲಸವನ್ನ ತಾವೇ ನಿಂತು ನಡೆಸದೇ ಇದ್ದರೆ. ಈ ಷರತ್ತು ನನಗೆ ನ್ಯಾಯ ಅನ್ಸುತ್ತೆ. ನಮ್ಮಲ್ಲಿ ಮನೆಯವರು ಸುಮ್ಮನಿರ್ತಾರಾ? ಕುರ್ಚಿ ಹಾಕ್ಕೊಂಡು ಕೂತು, "ಆ ಮೂಲೆ ಬಿಟ್ಟೋಯ್ತು ನೋಡಪ್ಪಾ, ಇನ್ನೊಂಚೂರು ಮೇಲೆ ಹತ್ತು", "ಸಾರುವೆ ಯಾಕೆ, ಏಣಿಯಲ್ಲೇ ಆಗುತ್ತೆ" ಅಂತ ಹೇಳ್ತಾನೇ ಇರ್ತಾರೆ. ಹತ್ತು ಅಂತ ಹೇಳೋ ಅಧಿಕಾರ ನಮ್ಮದಾದ್ರೆ ಬಿದ್ದಾಗಿನ ಹೊಣೆಯೂ ನಮ್ಮದು. ನನ್ನ ಅಭಿಪ್ರಾಯ ಇಷ್ಟೇ, ಕಾನೂನು ಏನೇ ಹೇಳಲಿ.

ಇದಕ್ಕೆ ಬರೋ ಆಕ್ಷೇಪಣೆಗಳೂ ಗೊತ್ತು. "ಅವರೇ ಬೆಲ್ಟ್ ಹಾಕಲ್ಲ ಸಾರ್, ನಾವೇನು ಮಾಡೋಣ?" ನಿಜ, ಹಾಕಲ್ಲ. ಹಗ್ಗ ಬೆಲ್ಟು ಇದ್ರೆ ಕೈ ಓಡಲ್ಲ ಅಂತಾರೆ. ಯಾಕಂದ್ರೆ ನಾವು ಮಾತಾಡಿರೋದು ಅಡಿ ಲೆಕ್ಕದಲ್ಲಿ, ಬೇಗ ಮುಗಿಸಿದಷ್ಟೂ ಅವರಿಗೆ ಉಳಿಯೋದು. ಬಂಟ್ವಾಳ ತಾಲ್ಲೂಕಿನ ಗಣಪತಿ ಭಟ್ಟರು ಅಡಿಕೆ ಮರ ಹತ್ತೋ ಬೈಕ್ ಮಾಡಿದ್ದು 2019ರಲ್ಲಿ ದೇಶವೆಲ್ಲ ಸುದ್ದಿಯಾಯ್ತಲ್ಲ, ಮರ ಹತ್ತೋ ಆ ಯಂತ್ರಕ್ಕೂ ಬ್ರೇಕ್, ಸೀಟ್ ಬೆಲ್ಟ್ ಇದೆ. ಮೇಲೆ ಹೋಗೋವನ ಜೀವ ಮೊದಲು ಅಂತ ಯೋಚನೆ ಮಾಡಿದ್ರೆ ದಾರಿ ಸಿಗುತ್ತೆ.

"ಹೀಗೆಲ್ಲ ಮಾಡಿದ್ರೆ ರೇಟು ಜಾಸ್ತಿಯಾಗುತ್ತೆ" ಅನ್ನೋದು ಇನ್ನೊಂದು ಆಕ್ಷೇಪ. ಆಗಲಿ! ಸಾರುವೆ ಬಾಡಿಗೆ ಸೇರಿದ ರೇಟೇ ನಿಜವಾದ ರೇಟು. ಈಗ ನಾವು ಉಳಿಸ್ತಿರೋ ದುಡ್ಡು ಬೇರೆ ಒಬ್ಬರ ಬೆನ್ನುಮೂಳೆಯ ಮೇಲಿನ ಸಾಲ.

ಹಾಗಾದ್ರೆ ಏನು ಮಾಡಬಹುದು? ನಮ್ಮ ಕೈಯಲ್ಲಾಗೋದು ಹೇಳ್ತೀನಿ.

ಕೆಲಸ ಒಪ್ಪಿಸೋವಾಗಲೇ ಮೇಸ್ತ್ರಿ ಹತ್ತಿರ ಕೇಳಿ, ಸಾರುವೆ ಯಾರದ್ದು, ಬೆಲ್ಟ್ ಇದೆಯಾ, ಇನ್ಶೂರೆನ್ಸ್ ಇದೆಯಾ ಅಂತ. ಕಾರ್ಮಿಕರ ಪರಿಹಾರದ ಪಾಲಿಸಿಯನ್ನ ಸಾಮಾನ್ಯ ವಿಮಾ ಕಂಪನಿಗಳು ಕೊಡ್ತಾವೆ. ಕೇಳೋರಿದ್ರೆ ಮೇಸ್ತ್ರಿಗಳೂ ಮಾಡಿಸ್ತಾರೆ.

ಬಂದ ಕೆಲಸಗಾರರಿಗೆ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಇದೆಯಾ ಕೇಳಿ. 18ರಿಂದ 70 ವರ್ಷದವರಿಗೆ, ಬ್ಯಾಂಕ್ ಖಾತೆ ಇದ್ದರೆ ಸಾಕು, ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಸಾವು ಅಥವಾ ಪೂರ್ತಿ ಅಂಗವೈಕಲ್ಯಕ್ಕೆ 2 ಲಕ್ಷ, ಭಾಗಶಃ ಶಾಶ್ವತ ಅಂಗವೈಕಲ್ಯಕ್ಕೆ 1 ಲಕ್ಷ. ಎರಡು ಕಾಫಿ ದುಡ್ಡು ರೀ!

ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿ ಇದೆ. ಗಾರೆಯವರಷ್ಟೇ ಅಲ್ಲ, ಪೇಂಟರ್, ಪ್ಲಂಬರ್, ಎಲೆಕ್ಟ್ರಿಷಿಯನ್, ಬಡಗಿ ಎಲ್ಲರೂ ನೋಂದಾಯಿಸಿಕೊಳ್ಳಬಹುದು. ವಯಸ್ಸು 18ರಿಂದ 60, ಹಿಂದಿನ ವರ್ಷದಲ್ಲಿ 90 ದಿನ ಕೆಲಸ ಮಾಡಿದ ದೃಢೀಕರಣ ಬೇಕು. ಆ ದೃಢೀಕರಣಕ್ಕೆ ಅಲೆಯೋದೇ ಅವರಿಗೆ ಕಷ್ಟ. ನಿಮ್ಮ ಮನೆಯಲ್ಲಿ ಕೆಲಸ ಮಾಡಿದ ದಿನಗಳಿಗೆ ಸಹಿ ಹಾಕಿಕೊಡಿ. 10 ಲಕ್ಷ ಮೀರಿದ ಸ್ವಂತ ಮನೆ ಕಟ್ಟಿಸಿದವರು ಶೇ 1ರ ಸೆಸ್ ಕಟ್ಟಬೇಕಿತ್ತು, ಹೊಸ ಸಂಹಿತೆಯಲ್ಲಿ ಆ ಮಿತಿ 50 ಲಕ್ಷ. ಸೆಸ್ ಕಟ್ಟಿದವರ ದುಡ್ಡು ಮಂಡಳಿಯಲ್ಲೇ ಇದೆ, ಅದು ನಿಜವಾದ ಕೆಲಸಗಾರನಿಗೆ ತಲುಪಲಿ.

ಊರೂರಲ್ಲಿ ಶಾಮಿಯಾನ ಬಾಡಿಗೆಗೆ ಸಿಗುತ್ತೆ, ಮದುವೆ ಪಾತ್ರೆ ಸಿಗುತ್ತೆ. ಒಳ್ಳೆ ಏಣಿ, ಬೆಲ್ಟು, ಹಗ್ಗ ಬಾಡಿಗೆಗೆ ಯಾಕೆ ಸಿಗಬಾರದು? ಗ್ರಾಮ ಪಂಚಾಯ್ತಿಯೋ ಸ್ತ್ರೀಶಕ್ತಿ ಸಂಘವೋ ಎರಡು ಸೆಟ್ ಇಟ್ಕೊಂಡ್ರೆ ಒಂದು ಊರಿಗೆ ಸಾಕು.

ಮತ್ತೆ, ಯಾರಾದರೂ ಬಿದ್ದರೆ ದಯವಿಟ್ಟು ಕೈ ಕಾಲು ಹಿಡಿದು ಎತ್ತಿ ಆಟೋಗೆ ತುಂಬಬೇಡಿ. ಬೆನ್ನುಮೂಳೆ ಮುರಿದಿದ್ರೆ ಆ ಎತ್ತೋದರಲ್ಲೇ ನರ ಹೋಗಿಬಿಡಬಹುದು. ಅಲುಗಾಡಿಸದೆ 108ಕ್ಕೆ ಫೋನ್ ಮಾಡಿ. ಇಲ್ಲಿಂದ ನಿಮ್ಹಾನ್ಸ್‌ಗೆ ನಲವತ್ತು ಕಿಲೋಮೀಟರ್‌ಗೂ ಜಾಸ್ತಿ, ದಾರಿಯಲ್ಲಿ ಆಗೋ ಅನಾಹುತ ಬಿದ್ದಾಗ ಆಗಿದ್ದಕ್ಕಿಂತ ದೊಡ್ಡದಾಗಬಾರದು.

ರಿಟೈರ್ ಆದ ನಮ್ಮ ಅಪ್ಪಂದಿರಿಗೂ ಒಂದು ಮಾತು. "ಟ್ಯಾಂಕ್ ತೊಳೆಯೋಕೆ ಐನೂರು ಕೇಳ್ತಾನೆ, ನಾನೇ ಹತ್ತುತೀನಿ" ಅಂತ ಪಂಚೆ ಮೇಲಕ್ಕೆ ಕಟ್ಟೋರು ಪ್ರತಿ ಮನೆಯಲ್ಲೂ ಇದಾರೆ. ಅವರಿಗೆ ಬೈದು ಪ್ರಯೋಜನ ಇಲ್ಲ. ಟ್ಯಾಂಕಿಗೆ ಸರಿಯಾದ ಮೆಟ್ಟಿಲು ಮಾಡಿಸಿಕೊಡಿ, ಅಷ್ಟೇ ದಾರಿ. :-)

ನಿಮ್ಮ ಕಡೆ ಹೇಗಿದೆ? ಮಲೆನಾಡು, ಕರಾವಳಿಯ ಗೆಳೆಯರು ಹಂಚು ಹೊದೆಸೋರ, ಕೊನೆ ಕೊಯ್ಯೋರ ಬಗ್ಗೆ ನನಗಿಂತ ಚೆನ್ನಾಗಿ ಬಲ್ಲಿರಿ. ಮನೆಯವರೇ ಪೂರ್ತಿ ಹೊಣೆ ಹೊತ್ತ ಉದಾಹರಣೆ ನಿಮ್ಮೂರಲ್ಲಿ ಇದ್ದರೆ ಬರೀರಿ. ಸಹಿ ಹಾಕಿಸಿಕೊಳ್ಳೋರ ಕಥೆ ಎಲ್ಲ ಕಡೆ ಇರೋದೇ, ಹೊಣೆ ಹೊತ್ತವರ ಕಥೆ ಕೇಳಬೇಕು ಅನ್ನೋ ಆಸೆ ನನಗೆ.